ಕೇಳದೆ ಒಯ್ದ ಮಣೆ

ಆಗಸ್ಟ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಜುಹುರಾ ಕೊಂಡೊ, ಡೊಡೊಮಾದ ಇಪಗಾಲಾ ಬಡಾವಣೆಯ ಬಡಗಿ ಮಿಹಾಯೊನ ಶೆಡ್ಡಿಗೆ ಹೋಗಿ, ಗೋಡೆಗೆ ಒರಗಿಸಿಟ್ಟಿದ್ದ ಬಾವೊ ಆಟದ ಮಣೆಯನ್ನೂ ಅದರ ಕಾಯಿಗಳ ಚೀಲವನ್ನೂ ಎತ್ತಿಕೊಂಡು ಮನೆಗೆ ಹೊರಟಳು. ಯಾರನ್ನೂ ಕೇಳಲಿಲ್ಲ. ಶೆಡ್ಡಿನಲ್ಲಿ ಯಾರೂ ಇರಲಿಲ್ಲವೆಂಬುದು ಒಂದು ಕಾರಣ. ಇದ್ದಿದ್ದರೂ ಅವಳು ಕೇಳುತ್ತಿರಲಿಲ್ಲ. ಕೇಳಿ ಒಯ್ದರೆ ಒಯ್ಯುವುದರಲ್ಲಿ ರುಚಿಯೇ ಇಲ್ಲ.

ರಸ್ತೆಯಾಚೆ ಮಂದಾಜಿ ಎಂಬ ಸಿಹಿ ಬೋಂಡಾ ಕರಿಯುತ್ತಿದ್ದ ಹೆಂಗಸು ಬಾಣಲೆಯಿಂದ ತಲೆಯೆತ್ತಿದಳು.

"ಅಕ್ಕ, ಮಣೆ ಎಲ್ಲಿಗೆ ಹೊರಡ್ತು?"

"ನಮ್ಮನೆ ಆಳಿನ ಸಾಮಾನು. ನಮ್ಮನೇಲೇ ಇರ್ಲಿ ಅಂತ."

"ಫುಂಡಿ ಮಂಚ ಕೊಡೋಕೆ ಹೋಗಿದಾನೆ. ಬಂದ್ರೆ ಹೇಳ್ಲಾ?" ಬಡಗಿ ಮೇಸ್ತ್ರಿಗೆ ಅಲ್ಲಿ ಫುಂಡಿ ಎನ್ನುತ್ತಾರೆ.

"ಹೇಳು. ಬೇಕಿದ್ರೆ ಮಂಡಿಯೂರಿ ಬಂದು ಕೇಳ್ಲಿ ಅನ್ನು."

ಹೆಂಗಸು ನಕ್ಕು ಮತ್ತೆ ಬಾಣಲೆಯ ಕಡೆ ತಿರುಗಿದಳು. ಜರಾಮೊ ಕುಲದ ಹೆಂಗಸು ನ್ಯಾಮ್ವೇಜಿ ಗಂಡಸಿನ ಸಾಮಾನು ಹೊತ್ತುಕೊಂಡು ಹೋದರೆ ಅದು ಕಳ್ಳತನವಲ್ಲ, ಉತಾನಿ. ಎರಡು ಕುಲಗಳ ನಡುವೆ ಅಜ್ಜಂದಿರ ಕಾಲದಿಂದ ನಡೆದುಬಂದ ಸಲಿಗೆ. ಅವಳು ಅವನನ್ನು ಆಳು ಎಂದು ಕರೆಯಬಹುದು, ಅವನು ಅವಳ ಕೋಳಿಯನ್ನು ಹಿಡಿದುಕೊಂಡು ಹೋಗಬಹುದು. ಸಿಟ್ಟು ಮಾಡಿಕೊಂಡವರು ಸೋತಂತೆ. ಅಷ್ಟರಮಟ್ಟಿಗೆ ಜುಹುರಾಳ ಲೆಕ್ಕ ಸರಿಯಾಗಿತ್ತು. ತಪ್ಪಿದ್ದದ್ದು ಬೇರೆ ಕಡೆ. ಅದು ಅವಳಿಗೆ ಗೊತ್ತಾಗಲು ಇನ್ನೂ ಒಂದೂಮುಕ್ಕಾಲು ಗಂಟೆ ಬಾಕಿಯಿತ್ತು.

ಜುಹುರಾ ಡೊಡೊಮಾಕ್ಕೆ ಬಂದು ಆಗ ನಾಲ್ಕು ತಿಂಗಳು. ವಯಸ್ಸು ನಲವತ್ತಾರು. ಇಪ್ಪತ್ತೊಂದು ವರ್ಷದಿಂದ ಒಂದು ಸಚಿವಾಲಯದ ಕಡತ ವಿಭಾಗದಲ್ಲಿ ಕೆಲಸ. ಮದುವೆ ಮುರಿದು ಒಂಬತ್ತು ವರ್ಷವಾಗಿತ್ತು, ಮಕ್ಕಳಿಲ್ಲ. ಸರ್ಕಾರ ಕಡಲತೀರದ ಹಳೆಯ ರಾಜಧಾನಿ ದಾರ್ ಬಿಟ್ಟು ಒಳನಾಡಿನ ಡೊಡೊಮಾಕ್ಕೆ ಬಂದಾಗ ಮಂತ್ರಿಗಳು ಮೊದಲು ಬಂದರು, ಮೇಜು ಕುರ್ಚಿ ಆಮೇಲೆ ಬಂದವು, ಹಳೆಯ ಕಡತಗಳು ಎಲ್ಲಕ್ಕಿಂತ ಕೊನೆಗೆ ಬಂದವು. ಕಡತಗಳ ಜೊತೆ ಅವಳೂ ಬಂದಳು. ಇಪಗಾಲಾದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಬೀದಿಗೆ ತೆರೆಯುವ ಸ್ವಂತ ಬಾಗಿಲು, ಮಂಗಳವಾರ ಮತ್ತು ಶುಕ್ರವಾರ ನಲ್ಲಿ ನೀರು.

ಪ್ರತಿ ಸಂಜೆ ಅವಳು ದಾರ್‌ನ ತೆಮೆಕೆಯಲ್ಲಿದ್ದ ತಂಗಿ ಚೌಸಿಕುಗೆ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಚೌಸಿಕು ಅದನ್ನು ಚಿಕ್ಕಮ್ಮಂದಿರಿಗೆಲ್ಲ ದಾಟಿಸುತ್ತಿದ್ದಳು. ಮನೆಯವರು ಅದಕ್ಕೆ ಡೊಡೊಮಾ ವಾರ್ತೆ ಎಂದು ಹೆಸರಿಟ್ಟಿದ್ದರು.

"ಇಲ್ಲಿನ ಮೀನು ಮೂರು ಸಲ ಸತ್ತಿರುತ್ತೆ ಕಣೇ," ಎಂದಿದ್ದಳು ಮೊದಲ ವಾರ. "ನೀರಲ್ಲಿ ಒಂದ್ಸಲ, ಲಾರೀಲಿ ಒಂದ್ಸಲ, ಫ್ರಿಜ್ಜಲ್ಲಿ ಒಂದ್ಸಲ."

ಎರಡನೆಯ ವಾರ: "ತೆಂಗಿನಕಾಯಿ ನಿಂಬೆಹಣ್ಣಿನಷ್ಟಿದೆ. ಗಾಳಿಗೆ ಮಾಡೋಕೆ ಬೇರೆ ಕೆಲಸ ಇಲ್ಲ, ಇಡೀ ದಿನ ನನ್ನ ಬಾಗಿಲನ್ನೇ ತಳ್ತಾ ಇರುತ್ತೆ. ರಾತ್ರಿ ಎಂಟಕ್ಕೆ ಊರು ಮಲಗಿಬಿಡುತ್ತೆ, ಕೋಳಿಗಳು ಇವರನ್ನ ನೋಡಿ ನಾಚ್ಕೋಬೇಕು."

ದ್ರಾಕ್ಷಿ ಚೆನ್ನಾಗಿದೆ ಎಂದು ಆರನೆಯ ವಾರ ಒಪ್ಪಿಕೊಂಡಳು. ಆದರೆ ಒಂದು ಸಂಗತಿಯನ್ನು ಎರಡು ತಿಂಗಳು ತಂಗಿಯಿಂದ ಮುಚ್ಚಿಟ್ಟಳು. ತೆಮೆಕೆಯಿಂದ ಹಳೆಯ ಕಚೇರಿಗೆ ಬಸ್ಸಿನಲ್ಲಿ ನಿಂತುಕೊಂಡು ಎರಡು ಗಂಟೆ ಹಿಡಿಯುತ್ತಿತ್ತು. ಇಲ್ಲಿ ಇಪ್ಪತ್ತೈದು ನಿಮಿಷ ನಡೆದರೆ ಕಚೇರಿ. ಸಂಜೆ ಐದಕ್ಕೆ ಅವಳು ಮನೆಯಲ್ಲಿರುತ್ತಿದ್ದಳು, ಕೈಯಲ್ಲಿ ಇಡೀ ಸಂಜೆ ಇರುತ್ತಿತ್ತು. ಆ ಸಂಜೆಯನ್ನು ಏನು ಮಾಡಬೇಕೆಂದು ಗೊತ್ತಿರಲಿಲ್ಲ, ಅಷ್ಟೆ.

ವಾಪಸು ಹೋಗುವ ದಾರಿಯೂ ತೆರೆದಿತ್ತು. ದಾರ್‌ನ ಶಾಖೆಯಲ್ಲಿ ಅವಳದೇ ದರ್ಜೆಯ ಗುಮಾಸ್ತೆ ಎಲಿನಾಮಿ ಎಂಬವಳಿದ್ದಳು. ಗಂಡ ಡೊಡೊಮಾದಲ್ಲಿ ಮೇಷ್ಟ್ರು, ಹೆಂಡತಿ ಅಲ್ಲಿ. ಪರಸ್ಪರ ವರ್ಗಾವಣೆಯ ಅರ್ಜಿಗೆ ಎಲಿನಾಮಿ ಸಹಿ ಹಾಕಿ ರೈಲಿನಲ್ಲಿ ಯಾರ ಕೈಯಲ್ಲೋ ಕಳಿಸಿದ್ದಳು. ಜುಹುರಾ ತನ್ನ ಸಹಿ ಹಾಕಿ ಸೋಮವಾರ ಸಂಜೆಯೊಳಗೆ ಕೊಟ್ಟರೆ ಎರಡು ತಿಂಗಳಲ್ಲಿ ತೆಮೆಕೆ. ಕಾಗದ ಒಂದು ವಾರದಿಂದ ಸಕ್ಕರೆ ಡಬ್ಬದ ಕೆಳಗಿತ್ತು.

"ಹಾಕಿದ್ಯಾ?" ಎಂದು ಚೌಸಿಕು ದಿನಾ ಕೇಳುತ್ತಿದ್ದಳು.

"ಪೆನ್ನು ಸಿಕ್ತಿಲ್ಲ."

"ಇಪ್ಪತ್ತೊಂದು ವರ್ಷ ಗುಮಾಸ್ತೆ, ಪೆನ್ನು ಸಿಕ್ತಿಲ್ಲ. ಸರ್ಕಾರ ಹೀಗೆ ನಡೀತಿದೆ ನೋಡು."

ಪೆನ್ನು ಸಿಗದಿರಲು ಕಾರಣ ಬಾವೊ.

ಜುಹುರಾಗೆ ಬಾವೊ ಕಲಿಸಿದ್ದು ಅಪ್ಪ. ನಾಲ್ಕು ಸಾಲು, ಸಾಲಿಗೆ ಎಂಟು ಗುಳಿ, ಅರವತ್ತನಾಲ್ಕು ಗಜ್ಜುಗದ ಕಾಯಿ. ಒಬ್ಬೊಬ್ಬರ ಕಡೆ ಒಂದೊಂದು ಚೌಕ ಗುಳಿ, ಅದಕ್ಕೆ ಮನೆ ಎನ್ನುತ್ತಾರೆ. ಏಳು ವರ್ಷದ ಹುಡುಗಿಗೆ ಕಲಿಸಿದ ಮೇಲೆ ಅಪ್ಪ ಅವಳನ್ನು ಒಂದು ಸಲವೂ ಬೇಕೆಂದು ಗೆಲ್ಲಿಸಲಿಲ್ಲ. ಹದಿನಾಲ್ಕಕ್ಕೆ ಅವಳು ತಾನೇ ಗೆದ್ದಳು. ಅಪ್ಪ ತೀರಿಕೊಂಡ ಮೇಲೂ ತೆಮೆಕೆಯ ಜಗಲಿಯಲ್ಲಿ ಪ್ರತಿ ಭಾನುವಾರ ದೊಡ್ಡಪ್ಪನ ಮಕ್ಕಳ ಜೊತೆ ಆಟ ನಡೆಯುತ್ತಿತ್ತು. ಡೊಡೊಮಾಕ್ಕೆ ಬಂದ ಮೇಲೆ ಆಟವಿಲ್ಲ. ಫೋನಿನಲ್ಲಿ ಆಡುವ ಬಾವೊ ಸಿಕ್ಕಿತು. ಎರಡು ದಿನ ಆಡಿ ತೆಗೆದುಹಾಕಿದಳು. ಕಾಯಿ ಬೀಳುವ ಸದ್ದಿಲ್ಲದ ಆಟ ಅವಳಿಗೆ ಉಪ್ಪಿಲ್ಲದ ಅನ್ನವಾಗಿತ್ತು.

ಜೂನ್‌ನಲ್ಲಿ ಮುರಿದ ಸ್ಟೂಲೊಂದನ್ನು ರಿಪೇರಿಗೆಂದು ಬಡಗಿಯ ಶೆಡ್ಡಿಗೆ ಒಯ್ದಾಗ, ಪಕ್ಕದ ಬೇವಿನ ಮರದ ಕೆಳಗೆ ಆ ಸದ್ದು ಕೇಳಿತು. ಆರೇಳು ಗಂಡಸರು ಸುತ್ತ ಕೂತಿದ್ದರು. ನಡುವೆ ರೈಲ್ವೆಯಿಂದ ನಿವೃತ್ತರಾದ ಚಿವಾಂಗಾ ಆಡುತ್ತಿದ್ದರು. ಎಪ್ಪತ್ತೆರಡು ವರ್ಷದ, ಕಡ್ಡಿಯಂಥ ಮುದುಕರು, ಆ ಸೀಮೆಯ ಗೊಗೊ ಕುಲದವರು. ಹಿರಿಯರೆಂದು ಎಲ್ಲರೂ ಅವರನ್ನು ಮ್ಜೆ ಎನ್ನುತ್ತಿದ್ದರು. ಜುಹುರಾ ನಿಂತು ನೋಡಿದಳು. ಮುಂದಿನ ಶನಿವಾರ ಸ್ಟೂಲಿನ ನೆಪವಿಲ್ಲದೆಯೂ ಬಂದು ನಿಂತಳು. ಮೂರನೆಯ ಶನಿವಾರ, ಚಿವಾಂಗಾ ತಮ್ಮ ಮನೆ ಗುಳಿಯಲ್ಲಿ ಕೂಡಿಟ್ಟಿದ್ದ ಒಂಬತ್ತು ಕಾಯಿಗಳನ್ನು ಎತ್ತಿ ಹಂಚಲು ತೊಡಗಿದಾಗ, ಅವಳ ಬಾಯಿ ತಡೆಯಲಿಲ್ಲ.

"ಮನೆ ಈಗಲೇ ಒಡೀಬಾರ್ದಿತ್ತು."

ಚಿವಾಂಗಾ ತಿರುಗಲಿಲ್ಲ. "ಯಾರೋ ಮಾತಾಡಿದ ಹಾಗಾಯ್ತು," ಎಂದರು.

"ಗಾಳಿ ಇರ್ಬೇಕು ಮ್ಜೆ," ಎಂದ ಒಬ್ಬ.

ನಾಲ್ಕು ಸುತ್ತಿನ ನಂತರ ಚಿವಾಂಗಾ ಆ ಆಟ ಸೋತರು. ಸುತ್ತ ಕೂತವರು ಮುಂದಿನ ಆಟಕ್ಕೆ ಕಾಯಿ ಜೋಡಿಸತೊಡಗಿದರು. ಶೆಡ್ಡಿನ ಬಾಯಲ್ಲಿ ಹಲಗೆ ಕೀಸುತ್ತಿದ್ದ ಬಡಗಿ ಮಾತ್ರ ಕೈ ನಿಲ್ಲಿಸಿ ಅವಳನ್ನು ನೋಡಿದ.

"ಎಲ್ಲಿಯೋಳಮ್ಮ ನೀನು?"

"ದಾರ್."

"ದಾರ್‌ನಲ್ಲಿ ಎಲ್ಲಾರೂ ಇರ್ತಾರೆ. ಕುಲ ಯಾವುದು?"

"ಜರಾಮೊ."

ಅವನು ಮೈಮೇಲಿನ ಹೊಟ್ಟನ್ನು ಕೊಡವಿಕೊಂಡು ಎದ್ದು ಬಂದ. "ಅಯ್ಯೋ, ನಮ್ಮನೆ ಆಳು. ಇಷ್ಟು ದಿನ ಎಲ್ಲಿ ತಪ್ಪಿಸ್ಕೊಂಡಿದ್ದೆ? ನನಗೆ ನೀರು ತಂದುಕೊಡೋಕೆ ಒಬ್ಬರೂ ಇರ್ಲಿಲ್ಲ."

ಅವನು ನ್ಯಾಮ್ವೇಜಿ ಎಂದು ಆಮೇಲೆ ಯಾರೂ ಹೇಳಬೇಕಾಗಲಿಲ್ಲ.

"ಆಳು ಯಾರು?" ಎಂದಳು ಜುಹುರಾ. "ನಿಮ್ಮಜ್ಜ ತಾಬೋರಾದಿಂದ ಆನೆದಂತ ಹೊತ್ಕೊಂಡು ನಮ್ಮೂರಿಗೆ ನಡ್ಕೊಂಡು ಬಂದೋನು. ಸಮುದ್ರ ನೋಡಿ, ಎಂಥಾ ದೊಡ್ಡ ಕೆರೆ, ದನ ಎಲ್ಲಿ ಅಂತ ಕೇಳ್ದೋನು."

"ನಿಮ್ಮಜ್ಜ ಪಕ್ಕದೂರಲ್ಲಿ ಡೋಲು ಸದ್ದಾಯ್ತು ಅಂತ ತೆಂಗಿನ ತೋಟ ಮಾರಿ ಕುಣಿಯೋಕೆ ಹೋದೋನು."

ಗಂಡಸರು ನಕ್ಕರು. ಜುಹುರಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಎರಡೂವರೆ ತಿಂಗಳಲ್ಲಿ ಈ ಊರಿನಲ್ಲಿ ಅವಳನ್ನು ಬೈದ ಮೊದಲ ಮನುಷ್ಯ ಮಿಹಾಯೊ. ಉಳಿದವರೆಲ್ಲ ಮರ್ಯಾದೆಯಿಂದ ಮಾತಾಡಿಸಿದ್ದರು.

ಅಲ್ಲಿಂದ ಶನಿವಾರದ ಜಗಳ ಖಾಯಂ ಆಯಿತು. ಕೂರಲು ಜಾಗ ಮಾತ್ರ ಸಿಗಲಿಲ್ಲ. ಒಮ್ಮೆ ಅವಳು ವಿನಯವಾಗಿಯೇ ಕೇಳಿದಳು: "ಮ್ಜೆ, ಒಂದು ಆಟ ನಾನೂ ಆಡ್ಲಾ?"

"ಇವತ್ತು ಜಾಗ ಇಲ್ಲ," ಎಂದರು ಚಿವಾಂಗಾ. ಅವರ ಎದುರಿನ ಸ್ಟೂಲು ಆಗ ಖಾಲಿಯಿತ್ತು.

ಮುಂದಿನ ವಾರವೂ ಅದೇ ಮಾತು. ಮಿಹಾಯೊ ಉರಿಗೆ ತುಪ್ಪ ಸುರಿದ. "ಮಣೆ ನಂದು, ಮರ ನಂದು, ನೆರಳೂ ನಂದು. ಜರಾಮೋಗಳಿಗೆ ನಿಂತ್ಕೊಳ್ಳೋಕೆ ಬಿಟ್ಟಿದ್ದೇ ಹೆಚ್ಚು." ಮರ ಮತ್ತು ನೆರಳು ಅವನದಲ್ಲವೆಂದು ಜುಹುರಾಗೆ ಗೊತ್ತಿತ್ತು. ಮಣೆಯ ಮಾತನ್ನು ಮಾತ್ರ ನಂಬಿದಳು. ಸಂಜೆ ಅದನ್ನು ಒಳಗಿಡುವವನು ಅವನೇ, ಬೆಳಿಗ್ಗೆ ಒರೆಸಿ ಹೊರಗಿಡುವವನೂ ಅವನೇ.

ಆ ವಾರದ ಮಂಗಳವಾರ ಬೆಳಿಗ್ಗೆ ಅವಳು ನಲ್ಲಿಯ ಹತ್ತಿರ ಹೋಗಿದ್ದಾಗ ಮಿಹಾಯೊ ಅವಳ ಒಲೆಯ ಮೇಲಿಂದ ತೆಂಗಿನ ಹಾಲಿನ ಮೀನುಸಾರನ್ನು ಪಾತ್ರೆಸಮೇತ ಎತ್ತಿಕೊಂಡು ಹೋದ. ಸಂಜೆ ಪಾತ್ರೆ ಬಾಗಿಲಲ್ಲಿತ್ತು, ಬೆಳಗಿಟ್ಟಿತ್ತು, ಒಳಗೆ ಸಾರಿನ ಬೆಲೆಯೆಂಬಂತೆ ಒಂದು ಇದ್ದಿಲ ತುಂಡು. ಅಂದಮೇಲೆ ಪಾಳಿ ಅವಳದು. ಶನಿವಾರ ಹತ್ತೂ ಇಪ್ಪತ್ತಕ್ಕೆ ಅವಳು ಮಣೆ ಎತ್ತಿದಳು.

ಮನೆಯಲ್ಲಿ ಶುಂಠಿ ಹಾಕಿ ಕಪ್ಪು ಚಹಾ ಮಾಡಿಕೊಂಡು, ಮಣೆಯನ್ನು ಮೇಜಿನ ಮೇಲಿಟ್ಟು, ಎರಡೂ ಕಡೆ ತಾನೇ ಆಡುತ್ತ ಕೂತಳು. ಮರ ಹಳೆಯದು, ಗುಳಿಗಳ ಅಂಚು ಬೆರಳು ತಾಗಿ ತಾಗಿ ನುಣುಪಾಗಿತ್ತು. ಕೈಯಲ್ಲಿದ್ದ ಕಾಯಿಗಳೆಲ್ಲ ಮುಗಿದು, ಅರವತ್ತನಾಲ್ಕೂ ಮಣೆಯ ಮೇಲೆ ಬಂದು, ಆಟ ಬಿಗಿಯಾಗುವ ಹಂತಕ್ಕೆ ತಲುಪಿತ್ತು. ಮಿಹಾಯೊ ಬಂದು ಬೇಡಿಕೊಂಡರೆ ಏನು ಕೇಳಬೇಕೆಂದೂ ಅವಳು ಯೋಚಿಸಿಟ್ಟಿದ್ದಳು: ಎದುರಿನ ಸ್ಟೂಲು, ಒಂದು ಆಟ.

ಹನ್ನೆರಡು ಗಂಟೆ ಐದು ನಿಮಿಷಕ್ಕೆ ಮಿಹಾಯೊ ಬಾಗಿಲಲ್ಲಿ ನಿಂತ. ಬೈಯಲಿಲ್ಲ. ಕೂರು ಎಂದರೆ ಕೂರಲೂ ಇಲ್ಲ.

"ಅಕ್ಕ, ಮಣೆ ನಂದಲ್ಲ."

"ಮತ್ತೆ ಯಾರದ್ದು? ನಿಮ್ಮಜ್ಜಂದಾ?"

"ತಮಾಷೆ ಅಲ್ಲ. ಮ್ಜೆ ಚಿವಾಂಗಾದು. ಅವರ ತಮ್ಮ ಕೆತ್ತಿದ್ದು. ತಮ್ಮ ಹೋಗಿ ಮೂರು ವರ್ಷ ಆಯ್ತು. ಅವರ ಮನೆ ಒಂದು ಕಿಲೋಮೀಟರ್ ದೂರ, ಹೊರೋಕಾಗಲ್ಲ ಅಂತ ನನ್ನ ಶೆಡ್ಡಲ್ಲಿಡ್ತಾರೆ."

ಜುಹುರಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ನಿಂದು ಅಂದ್ಯಲ್ಲ ನೀನು."

"ಮರಾನೂ ನಂದು ಅಂದಿದ್ದೆ. ಮರ ಹೊತ್ಕೊಂಡು ಬಂದ್ಯಾ?"

"ಅವರು ಏನಂದ್ರು?"

"ಖಾಲಿ ಜಾಗದ ಎದುರು ಇಪ್ಪತ್ತು ನಿಮಿಷ ಕೂತಿದ್ರಂತೆ. ಮಂದಾಜಿಯೋಳು ಹೇಳಿದಾಳೆ ಯಾರು ಒಯ್ದದ್ದು ಅಂತ. ಎದ್ದು ಹೋಗೋವಾಗ ಒಂದೇ ಮಾತು. ಆ ಕಡಲಕಡೆ ಹೆಂಗಸಿಗೂ ನನಗೂ ಯಾವ ಉತಾನಿ?"

ಯಾವ ಉತಾನಿಯೂ ಇರಲಿಲ್ಲ. ಜರಾಮೊಗೂ ಗೊಗೊಗೂ ಆ ಸಲಿಗೆಯಿಲ್ಲ. ಅದಿಲ್ಲದ ಮನುಷ್ಯನ ಸಾಮಾನನ್ನು ಕೇಳದೆ ಎತ್ತಿದರೆ ಅದಕ್ಕಿರುವುದು ಒಂದೇ ಹೆಸರು. ತೆಮೆಕೆಯಲ್ಲಿ ಇಂಥ ತಪ್ಪು ಅವಳಿಂದ ಆಗುತ್ತಿರಲಿಲ್ಲ. ಅಲ್ಲಿ ಯಾರ ಮಣೆ, ಯಾರ ಕುರ್ಚಿ, ಯಾರಿಗೆ ಯಾರು ಏನು ಎಂಬುದು ಹುಟ್ಟಿನಿಂದ ಗೊತ್ತು. ಜುಹುರಾ ಸಕ್ಕರೆ ಡಬ್ಬವನ್ನು ಸರಿಸಿ, ಕೆಳಗಿನ ಕಾಗದವನ್ನು ಹೊರಗೆಳೆದಳು. ಪೆನ್ನು ಕೈಚೀಲದಲ್ಲೇ ಇತ್ತು.

ಮಿಹಾಯೊ ಕತ್ತು ಚಾಚಿ ಓದಿದ. "ಓಡಿ ಹೋಗ್ತಿದೀಯಾ?"

"ವರ್ಗಾವಣೆ."

"ಅದೇ. ಕಾಗದದ ಮೇಲೆ ಓಡೋದು. ಜರಾಮೋಗಳು ಕಾಲಲ್ಲೂ ಓಡಲ್ಲ, ಅದಕ್ಕೂ ಸೋಮಾರಿಗಳು." ಅವಳು ನಗಲಿಲ್ಲವೆಂದು ನೋಡಿ ಅವನು ದನಿ ತಗ್ಗಿಸಿದ. "ಕೇಳು ಇಲ್ಲಿ. ಗೊಗೊಗಳಿಗೂ ನಮಗೂ ಉತಾನಿ ಇದೆ. ಮಣೆ ಕೊಡು, ನಾನೇ ಒಯ್ದಿಟ್ಟೆ ಅಂತೀನಿ. ನನ್ನ ಮೇಲೆ ಅವರು ಸಿಟ್ಟು ಮಾಡೋ ಹಾಗಿಲ್ಲ. ನಾಲ್ಕು ಬೈಗುಳ, ಮುಗೀತು."

ಅದು ಸುಲಭದ ದಾರಿಯೇ. ಜುಹುರಾ ಅದನ್ನು ಒಂದು ನಿಮಿಷ ಯೋಚಿಸಿದಳು. ಇಪ್ಪತ್ತೊಂದು ವರ್ಷ ಅವಳು ಕಡತ ಚಲನವಲನ ವಹಿ ಬರೆದಿದ್ದಳು: ಯಾವ ಕಡತ, ಯಾರ ಕೈಗೆ, ಎಷ್ಟು ಗಂಟೆಗೆ. ಒಬ್ಬರು ಒಯ್ದ ಕಡತವನ್ನು ಇನ್ನೊಬ್ಬರು ತಂದಿಟ್ಟರೆ ಅವಳು ಇಳಿಸಿಕೊಳ್ಳುತ್ತಿರಲಿಲ್ಲ. ಒಮ್ಮೆ ಉಪ ಕಾರ್ಯದರ್ಶಿಯನ್ನೇ ಮೂರು ಮಹಡಿ ಇಳಿಸಿ ಕರೆಸಿದ್ದಳು.

"ಬೇಡ," ಎಂದಳು. "ಒಯ್ದದ್ದು ನಾನು. ಕೊಡೋದೂ ನಾನೇ."

"ಬೈತಾರೆ."

"ಬೈಲಿ."

ಮಿಹಾಯೊ ಕಾಯಿಗಳನ್ನು ಚೀಲಕ್ಕೆ ಸುರಿಯಲು ಮಣೆಗೆ ಕೈ ಹಾಕಿದ. ಅವಳು ತಡೆದಳು.

"ಮುಟ್ಬೇಡ. ಆಟ ಅರ್ಧದಲ್ಲಿದೆ."

"ಒಬ್ಬಳೇ ಆಡ್ತಿದ್ದ ಆಟಕ್ಕೆ ಅರ್ಧ ಏನು, ಪೂರ್ತಿ ಏನು?"

"ನಮ್ಮ ವಿಭಾಗದಲ್ಲಿ ಅರ್ಧ ಕಡತ ಮುಚ್ಚಲ್ಲ. ಆ ಕಡೆ ಹಿಡ್ಕೋ. ಅಲುಗಾಡಿಸ್ಬೇಡ."

ಹೀಗೆ ಮಣೆಯ ಒಂದು ತುದಿ ಅವಳು, ಇನ್ನೊಂದು ತುದಿ ಅವನು ಹಿಡಿದು, ಎದುರುಗಾಳಿಯಲ್ಲಿ ಒಂದು ಕಿಲೋಮೀಟರ್ ನಡೆದರು. ಅವಳು ಉಟ್ಟ ಕಾಂಗಾ ಬಟ್ಟೆಯ ಸೆರಗು ಹಾರಿ ಮೂರು ಸಲ ಅವನ ಮುಖಕ್ಕೆ ಬಡಿಯಿತು. ಮೋಟಾರ್ ಸೈಕಲ್ ಸ್ಟ್ಯಾಂಡಿನಲ್ಲಿದ್ದವರು ಬಿಡಲಿಲ್ಲ.

"ಫುಂಡಿ, ಯಾರು ತೀರ್ಕೊಂಡ್ರು?"

"ನಿಮ್ಮ ಮಾವ," ಎಂದ ಮಿಹಾಯೊ, ಮಣೆಯಿಂದ ಕಣ್ಣು ತೆಗೆಯದೆ.

"ಇಷ್ಟು ಚಿಕ್ಕ ಪೆಟ್ಟಿಗೇಲಿ ಹಿಡಿದ್ನಾ?"

"ಮಡಚಿದೀವಿ. ಪಕ್ಕಕ್ಕೆ ಸರೀರಿ."

ಚಿವಾಂಗಾ ಅಂಗಳದಲ್ಲಿ ದ್ರಾಕ್ಷಿ ಬಳ್ಳಿಗೆ ತಂತಿ ಬಿಗಿಯುತ್ತಿದ್ದರು. ಬಳ್ಳಿಗಳು ಹದಿನೈದಿಪ್ಪತ್ತು ಇರಬಹುದು, ಕಂಬಗಳು ಹಳೆಯ ರೈಲು ಹಳಿಯ ತುಂಡುಗಳು. ಬಂದವರನ್ನು ನೋಡಿದರು, ಇಕ್ಕಳ ಕೆಳಗಿಡಲಿಲ್ಲ.

"ಶಿಕಮೋ, ಮ್ಜೆ," ಎಂದಳು ಜುಹುರಾ. ಹಿರಿಯರಿಗೆ ಮಾಡುವ ನಮಸ್ಕಾರ. ಅದಕ್ಕೆ ಮರಹಬಾ ಎಂದು ತಕ್ಷಣ ಹೇಳುವುದು ರೂಢಿ. ಚಿವಾಂಗಾ ತಂತಿಗೆ ಇನ್ನೂ ಎರಡು ಸುತ್ತು ಹಾಕಿದರು.

"ಮರಹಬಾ," ಎಂದರು ಕೊನೆಗೆ.

ಮಣೆಯನ್ನು ಇಬ್ಬರೂ ಜೋಪಾನವಾಗಿ ಕಲ್ಲಿನ ಜಗಲಿಯ ಮೇಲಿಳಿಸಿದರು. ಜುಹುರಾ ನಿಂತೇ ಹೇಳಿದಳು.

"ಇವತ್ತು ಹತ್ತೂ ಇಪ್ಪತ್ತಕ್ಕೆ ಶೆಡ್ಡಿಂದ ಇದನ್ನ ನಾನು ಒಯ್ದೆ. ಯಾರನ್ನೂ ಕೇಳ್ಲಿಲ್ಲ. ಫುಂಡಿದು ಅಂದ್ಕೊಂಡಿದ್ದೆ, ವಿಚಾರಿಸ್ಲಿಲ್ಲ. ತಪ್ಪು ನಂದು. ಕಾಯಿ ಅರವತ್ತನಾಲ್ಕೂ ಇವೆ. ಕ್ಷಮಿಸ್ಬೇಕು, ಮ್ಜೆ."

ಚಿವಾಂಗಾ ಇಕ್ಕಳವನ್ನು ಜೇಬಿಗಿಳಿಸಿದರು. "ಹತ್ತೂ ಇಪ್ಪತ್ತಾ?"

"ಹೌದು."

"ನಾನು ಬಂದದ್ದು ಹತ್ತೂ ಮುಕ್ಕಾಲು. ಇಪ್ಪತ್ತೈದು ನಿಮಿಷದಲ್ಲಿ ತಪ್ಪಿಸ್ಕೊಂಡೆ ನೀನು." ಮೂವತ್ತೆಂಟು ವರ್ಷ ರೈಲುಗಳಿಗೆ ಸಿಗ್ನಲ್ ಕೊಟ್ಟವರಿಗೆ ಅದು ಸಣ್ಣ ವಿವರವಲ್ಲ. ಅವರು ಮಿಹಾಯೊನ ಕಡೆ ತಿರುಗಿದರು. "ನಿಂದು ಅಂದ್ಯಾ ಈ ಮಣೆ?"

"ಬಾಯಿಮಾತಿಗೆ ಅಂದೆ ಮ್ಜೆ."

"ನಿಮ್ಮಜ್ಜ ನಮ್ಮ ಬಾವಿಗೆ ಸುಂಕ ಕೊಟ್ಟು ನೀರು ಕುಡಿದೋನು. ಬಾವಿ ತನ್ನದು ಅಂತ ಅವನೂ ಊರೆಲ್ಲಾ ಹೇಳ್ಕೊಂಡು ಬಂದಿರ್ಬೇಕು."

"ಆ ನೀರು ಕುಡಿದ್ಮೇಲೆ ಒಂದು ವಾರ ಎದ್ದೇಳ್ಲಿಲ್ವಂತೆ," ಎಂದ ಮಿಹಾಯೊ. ಚಿವಾಂಗಾರ ಕೆನ್ನೆಯ ಮೂಲೆ ಅಲುಗಿತು. ಆದರೆ ಜುಹುರಾಳ ಕಡೆ ತಿರುಗಿದಾಗ ಮುಖ ಮೊದಲಿನಂತೆಯೇ ಇತ್ತು.

"ನಿನಗೆ ಜಾಗ ಇಲ್ಲ ಅಂದಿದ್ದೆ. ಯಾಕೆ ಗೊತ್ತಾ?"

"ಹೆಂಗಸು ಅಂತ."

"ಅದಲ್ಲ."

"ಅದೂ ಹೌದು ಮ್ಜೆ," ಎಂದ ಮಿಹಾಯೊ. "ಸುಳ್ಳು ಹೇಳ್ಬೇಡಿ." ಬೇರೆ ಯಾರೂ ಆ ಮಾತನ್ನು ಅವರ ಮುಖಕ್ಕೆ ಹೇಳುವಂತಿರಲಿಲ್ಲ.

ಚಿವಾಂಗಾ ಬಳ್ಳಿಯಿಂದ ಒಣಗಿದ ಎಲೆಯೊಂದನ್ನು ಕಿತ್ತರು. "ಅದೂ ಇರ್ಬೋದು," ಎಂದರು. "ಆದ್ರೆ ಅದೊಂದೇ ಅಲ್ಲ. ಸರ್ಕಾರದೋರು ಬರ್ತಾರೆ. ಮೂರು ತಿಂಗಳು ನಮ್ಮ ಗಾಳಿ ಬೈತಾರೆ, ಆಮೇಲೆ ಕಾಗದ ಹಾಕಿ ಹೋಗ್ತಾರೆ. ಹೋದ ವರ್ಷ ಒಬ್ಬ ಬಂದಿದ್ದ, ಚೆನ್ನಾಗಿ ಆಡ್ತಿದ್ದ. ಅವನ ಕೈ ನನಗೆ ಅರ್ಥ ಆಗೋ ಹೊತ್ತಿಗೆ ಲಾರಿಗೆ ಮಂಚ ಏರಿಸ್ತಿದ್ದ. ಅವನು ಕೂರ್ತಿದ್ದದ್ದು ನನ್ನ ತಮ್ಮನ ಜಾಗದಲ್ಲಿ." ತಂತಿಯ ತುಂಡೊಂದನ್ನು ನೆಲದಿಂದ ಎತ್ತಿಕೊಂಡರು. "ನೀನು ಯಾವಾಗ ಹೋಗೋದು?"

ಮಿಹಾಯೊ ನೆಲ ನೋಡಿದ. ಇಲ್ಲ, ಎಲ್ಲಿಗೂ ಹೋಗೋದಿಲ್ಲ ಎಂದುಬಿಡಬಹುದಿತ್ತು. ಜುಹುರಾಗೆ ಅದು ನಾಲಿಗೆಯ ತುದಿಗೂ ಬಂದಿತ್ತು.

"ಕಾಗದ ಮೇಜಿನ ಮೇಲಿದೆ," ಎಂದಳು. "ಸಹಿ ಹಾಕಿಲ್ಲ. ಸೋಮವಾರ ಕೊನೇ ದಿನ."

"ಹಾಕ್ತೀಯಾ?"

"ಅರ್ಧ ಗಂಟೆ ಹಿಂದೆ ಹಾಕೋಳಿದ್ದೆ. ಈಗ ಗೊತ್ತಿಲ್ಲ."

ಚಿವಾಂಗಾ ತಲೆಯಾಡಿಸಿದರು. ಉತ್ತರ ಅವರಿಗೆ ಇಷ್ಟವಾಯಿತೋ ಇಲ್ಲವೋ ತಿಳಿಯಲಿಲ್ಲ. ಜಗಲಿಯ ಹತ್ತಿರ ಬಂದು ಮೊದಲ ಸಲ ಮಣೆಯನ್ನು ಬಗ್ಗಿ ನೋಡಿದರು. ಬೆರಳಿನಿಂದ ಮುಟ್ಟದೆ, ತುಟಿಯಲ್ಲೇ ಎಣಿಸುತ್ತ, ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ.

"ಈ ಕಡೆ ಆಡಿದ್ದು ಯಾರು?"

"ನಾನೇ."

"ಆ ಕಡೆ?"

"ಅದೂ ನಾನೇ."

"ಆ ಕಡೆಯೋಳು ಹೆದರ್ಕೊಂಡು ಆಡಿದಾಳೆ. ಎಡಗಡೆ ತುದೀಲಿ ಐದು ಕಾಯಿ ಸುಮ್ನೆ ಕೊಳೀತಿವೆ." ಅವರು ಆ ಕಡೆಗೇ ಹೋಗಿ ಕೂತರು. "ಪಾಳಿ ಯಾರದ್ದು?"

"ಆ ಕಡೇದು."

"ಸೋಮವಾರಕ್ಕೆ ಇನ್ನೂ ಹೊತ್ತಿದೆ. ಕೂತ್ಕೋ."

ಅವರು ಆ ಐದು ಕಾಯಿಗಳನ್ನು ಎತ್ತಿ ಹಂಚಿದರು. ಕಾಯಿಗಳು ಒಂದೊಂದಾಗಿ ಗುಳಿಗೆ ಬಿದ್ದವು. ಎರಡೇ ಸುತ್ತಿನಲ್ಲಿ ಜುಹುರಾಳ ಮುಂದಿನ ಸಾಲಿನ ಬಲಭಾಗ ಬರಿದಾಯಿತು. ತಾನೇ ಕಟ್ಟಿದ್ದ ಆ ಕಡೆಯಲ್ಲಿ ಇಷ್ಟು ಬಲವಿದೆಯೆಂದು ಅವಳಿಗೆ ಹೊಳೆದಿರಲಿಲ್ಲ. ಅವಳು ಕಾಂಗಾವನ್ನು ಸೊಂಟಕ್ಕೆ ಬಿಗಿದುಕೊಂಡು ಮುಂದಕ್ಕೆ ಬಾಗಿದಳು. ಆಮೇಲಿನ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ, ಮಿಹಾಯೊನ ಹೊರತು. ಅವನು ಎರಡೂ ಕಡೆಯವರನ್ನು ಸಮನಾಗಿ ಹೀಗಳೆಯುತ್ತಿದ್ದ. ಚಿವಾಂಗಾರ ಹೆಂಡತಿ ಬೇಯಿಸಿದ ನೆಲಗಡಲೆ ತಂದಿಟ್ಟು, ಆಟ ನೋಡಿ, "ಇವಳೇನಾ ಆ ಕಳ್ಳಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಒಂದೂವರೆಗೆ ಆಟ ಮುಗಿಯಿತು. ಚಿವಾಂಗಾ ಗೆದ್ದರು. ಗೆಲ್ಲುವ ಮೊದಲು ಒಂದು ಸಲ ಹತ್ತು ನಿಮಿಷ ಯೋಚಿಸಬೇಕಾಯಿತು. ಆ ಹತ್ತು ನಿಮಿಷ ಜುಹುರಾಗೆ ಗೊತ್ತು, ಅವರಿಗೂ ಗೊತ್ತು.

"ಮಣೆ ಶೆಡ್ಡಿಗೆ ವಾಪಸ್ ಒಯ್ಯಿರಿ," ಎಂದರು ಏಳುತ್ತ. "ಈ ಸಲ ಕಾಯಿ ಚೀಲಕ್ಕೆ ಹಾಕ್ಕೊಳ್ಳಿ. ಆಟ ಶುರು ಆಗೋದು ಹತ್ತೂ ಮುಕ್ಕಾಲಿಗೆ. ತಡವಾಗಿ ಬಂದೋರು ನಿಂತ್ಕೊಂಡು ನೋಡ್ಬೇಕು. ಹೆಂಗಸಾಗ್ಲಿ, ಗಂಡಸಾಗ್ಲಿ."

ದಾರಿಯಲ್ಲಿ ಮಿಹಾಯೊ ಮಣೆಯನ್ನು ತಾನೊಬ್ಬನೇ ತಲೆಯ ಮೇಲೆ ಹೊತ್ತ. ಅಜ್ಜನ ಕಾಲದ ಕಸುಬು ಇನ್ನೂ ಮರೆತಿಲ್ಲ ಎಂದಳು ಜುಹುರಾ. ಅವನು ತಿರುಗಿ ಬೈದ.

ಆ ಸಂಜೆಯ ಡೊಡೊಮಾ ವಾರ್ತೆ ಹನ್ನೊಂದು ನಿಮಿಷವಿತ್ತು. ಗಾಳಿಯ ಸುದ್ದಿ ಅದರಲ್ಲಿ ಬರಲಿಲ್ಲ. ಚೌಸಿಕು ಪೂರ್ತಿ ಕೇಳಿ ಒಂದೇ ಸಾಲು ಬರೆದು ಕಳಿಸಿದಳು: ಹಾಗಾದರೆ ಪೆನ್ನು ಸಿಗಲಿಲ್ಲ ಅನ್ನು.

ಭಾನುವಾರವಿಡೀ ಜುಹುರಾ ಕಾಗದವನ್ನು ಎದುರಿಗಿಟ್ಟುಕೊಂಡು ಯೋಚಿಸಿದಳು. ಒಂದು ಮಣೆಯ ಎದುರಿನ ಸ್ಟೂಲಿಗಾಗಿ ಮನುಷ್ಯರು ಒಂದು ಊರಿನಲ್ಲಿ ಉಳಿಯುತ್ತಾರೆಯೇ ಎಂದು ತನ್ನನ್ನೇ ಕೇಳಿಕೊಂಡಳು. ಬರೀ ಬಸ್ಸಿನ ಕಾಟಕ್ಕೆ ಊರು ಬಿಟ್ಟವರು ಅವಳಿಗೆ ಗೊತ್ತಿದ್ದರು. ಒಂದು ವರ್ಷ ನೋಡೋಣ ಎಂದು ತೀರ್ಮಾನಿಸಿದಳು. ಆಯುಷ್ಯಪೂರ್ತಿ ಎಂದೇನೂ ಅಲ್ಲ.

ಸೋಮವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ಎಲಿನಾಮಿಗೆ ಫೋನು ಮಾಡಿದಳು.

"ನನ್ನಿಂದಾಗಲ್ಲ ಕಣಮ್ಮ. ನಾನು ಉಳ್ಕೋತಿದೀನಿ."

"ನನ್ನ ಗಂಡ ಎರಡು ವರ್ಷದಿಂದ ತಾನೇ ಬೇಯಿಸ್ಕೊಂಡು ತಿಂತಿದಾನೆ ಅಕ್ಕ," ಎಂದಳು ಎಲಿನಾಮಿ. "ಡೊಡೊಮಾಕ್ಕೆ ಹೋದೋರು ಯಾರೂ ಅಲ್ಲಿ ಉಳ್ಕೊಳಲ್ಲ ಅಂದ್ಕೊಂಡಿದ್ದೆ."

"ಗೊತ್ತು. ಸಂಜೆಯೊಳಗೆ ಇನ್ನೊಬ್ಬರನ್ನ ಹುಡುಕಿ ಕೊಡ್ತೀನಿ. ನಿನ್ನ ಸಹಿ ಇರೋ ಕಾಗದ ನನ್ನತ್ರಾನೇ ಇರ್ಲಿ."

ಅವಳು ಊಟದ ವೇಳೆಯಲ್ಲಿ ನಾಲ್ಕು ಮಹಡಿ ಹತ್ತಿ ಇಳಿದಳು. ಎರಡನೆಯ ಮಹಡಿಯಲ್ಲಿ ಅದೇ ದರ್ಜೆಯ ಗುಮಾಸ್ತನೊಬ್ಬ ಸಿಕ್ಕಿದ. ತಾಯಿ ದಾರ್‌ನ ಆಸ್ಪತ್ರೆಯಲ್ಲಿದ್ದರು, ಬದಲಿಗೆ ಬರುವವರಿಗಾಗಿ ಮಾರ್ಚಿನಿಂದ ಹುಡುಕುತ್ತಿದ್ದ. ಜುಹುರಾ ಹೊಸ ಅರ್ಜಿಯನ್ನು ತಾನೇ ಬರೆದು, ಅವನ ಸಹಿ ಹಾಕಿಸಿ, ಎಲಿನಾಮಿಯ ಸಹಿಯಿದ್ದ ಹಳೆಯ ಕಾಗದವನ್ನು ಜೊತೆಗೆ ಲಗತ್ತಿಸಿ, ನಾಲ್ಕೂ ಮೂವತ್ತೈದಕ್ಕೆ ಒಳಬರುವ ವಹಿಯಲ್ಲಿ ಸಂಖ್ಯೆ ಕೊಟ್ಟಳು. ಅಕ್ಟೋಬರ್ ಎರಡನೆಯ ವಾರ ಎಲಿನಾಮಿ ಡೊಡೊಮಾಕ್ಕೆ ಬಂದಳು.

ಅದಕ್ಕೂ ಮೊದಲೇ, ಆಗಸ್ಟ್‌ನ ಮುಂದಿನ ಶನಿವಾರ, ಗಾಳಿ ಜೋರಾಗಿದ್ದುದರಿಂದ ಆಟವನ್ನು ಬೇವಿನ ಮರದಡಿಯಿಂದ ಶೆಡ್ಡಿನೊಳಕ್ಕೆ ಸರಿಸಲಾಯಿತು. ಜುಹುರಾ ಹತ್ತೂ ನಲವತ್ತಕ್ಕೆ ಬಂದು ಚಿವಾಂಗಾರ ಎದುರು ಕೂತಳು. ಮೂರು ಆಟ ಆಡಿದರು. ಎರಡು ಸೋತಳು, ಒಂದು ಗೆದ್ದಳು.